ಈರಣ್ಣನ ಕಾರು ನಮ್ಮ ಮನೆಗೆ ಬಂದದ್ದು

ಸತ್ತ ನನ್ನ ಅಣ್ಣನ ಕಾರನ್ನು ಆಫ್ರಿಕಾದಿಂದ ಊರಿಗೆ ತರಿಸಿಕೊಳ್ಳುವುದಕ್ಕಾಗಿ, ಅವನಿಗೆ ಹೆಂಡತಿಯೂ ಇರಲಿಲ್ಲ, ಮಗಳೂ ಇರಲಿಲ್ಲ ಎಂದು ನಾನು ಹೇಳಿದೆ. ಇಬ್ಬರೂ ಇದ್ದರು. ಆ ಮಾತು ನನ್ನ ಬಾಯಿಂದ ಹೊರಬೀಳುವಾಗ ಅವರಿಬ್ಬರೂ ಅಲ್ಲಿಯ ಸರ್ಕಾರಿ ಆಫೀಸಿನ ಹೊರಗೆ, ಅದೇ ಕಾರಿನ ಹತ್ತಿರ, ನನಗಾಗಿ ಕಾಯುತ್ತಿದ್ದರು.

ಇದನ್ನು ಯಾರಾದರೂ ತಪ್ಪು ಎಂದು ಕರೆದರೆ ನನಗೆ ಸಿಟ್ಟು ಬರುತ್ತದೆ. ತಪ್ಪು ಅಂದರೆ ಕತ್ತಲಲ್ಲಿ ಎಡವುವುದು, ಕೈಜಾರಿ ಚೊಂಬು ಬೀಳುವುದು. ನಾನು ಮಾಡಿದ್ದು ಹಾಡುಹಗಲು, ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು, ಕುರ್ಚಿಯಲ್ಲಿ ನೆಟ್ಟಗೆ ಕೂತು ಮಾಡಿದ ಕಳ್ಳತನ. ಅದಕ್ಕೆ ಬೇರೆ ಹೆಸರಿಲ್ಲ.

ಅಣ್ಣನ ಹೆಸರು ಈರಣ್ಣ. ಜವನಗೊಂಡನಹಳ್ಳಿ ಕಡೆಯ ಕುರಿ ಸಾಕುವ ಮನೆ ನಮ್ಮದು. ಅಪ್ಪ ಹೋದ ಮೇಲೆ ಅವ್ವ ಕುರಿ ನೋಡಿಕೊಂಡಳು, ಅಣ್ಣ ಬೋರ್‌ವೆಲ್ ಲಾರಿಯ ಕೆಲಸಕ್ಕೆ ಸೇರಿದ, ನಾನು ಹಿರಿಯೂರಿನಲ್ಲಿ ಬಿ.ಎ. ಓದಿ ಕೊನೆಗೆ ಬಾಡಿಗೆ ಕಾರಿನ ಡ್ರೈವರಾದೆ. ಅಣ್ಣ ಇಲ್ಲಿಯ ಕಲ್ಲನ್ನೆಲ್ಲ ಕೊರೆದು ಮುಗಿಸಿದವನಂತೆ ಒಂದು ದಿನ ಟಾಂಜಾನಿಯಾಕ್ಕೆ ಹೊರಟ. ಅಲ್ಲೂ ಬೋರ್ ಕೊರೆಯುವುದೇ ಕೆಲಸ. ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದ. ಮದುವೆ ಮಾತೆತ್ತಿದರೆ, "ಆಗಾಣ ಬಿಡವ್ವ" ಎಂದು ನಗುತ್ತಿದ್ದ. ಒಮ್ಮೆ ಫೋಟೊ ಕಳಿಸಿದ — ಎತ್ತರದ, ಬೂದುಬಣ್ಣದ ಕಾರು, ಅದಕ್ಕೆ ಒರಗಿ ನಿಂತ ಅಣ್ಣ. ಜಪಾನಿನಲ್ಲಿ ಯಾರೋ ಓಡಿಸಿ ಬಿಟ್ಟದ್ದಂತೆ, ಅಲ್ಲೆಲ್ಲ ಅಂಥವೇ ಬರುತ್ತವಂತೆ. ಅಣ್ಣನ ಮುಖ ನಾನು ಸರಿಯಾಗಿ ನೋಡಲೇ ಇಲ್ಲ. ಕಾರನ್ನು ನೋಡಿದೆ. ಫೋಟೊ ದೊಡ್ಡದು ಮಾಡಿ, ಚಕ್ರ ನೋಡಿದೆ, ದೀಪ ನೋಡಿದೆ. ಬೇರೆಯವರ ಕಾರಿನ ಬಾಗಿಲು ತೆರೆದು ಹಿಡಿದು ನಿಲ್ಲುವುದೇ ನನ್ನ ಬದುಕಾಗಿತ್ತು — ಇದು ನೆಪವಲ್ಲ. ಎಲ್ಲಿಂದ ಶುರುವಾಯಿತು ಎಂದು ಹೇಳುತ್ತಿದ್ದೇನೆ, ಅಷ್ಟೆ.

ಬೋರ್ ಲಾರಿಯ ಕಬ್ಬಿಣದ ರಾಡು ಕಳಚಿ ಬಿದ್ದು ಅಣ್ಣ ಸತ್ತ. ಅವನ ಕಂಪನಿಯವರು ನನಗೆ ಟಿಕೆಟ್ ಕಳಿಸಿದರು. ದೇಹವನ್ನು ಊರಿಗೆ ತರುವ ಸ್ಥಿತಿ ಇರಲಿಲ್ಲ, ನಾನೂ ಕಂಪನಿಯ ಗಂಡಸರೂ ಅಷ್ಟೇ ಸೇರಿ ಅಲ್ಲಿಯೇ ಸುಟ್ಟೆವು. ಬೂದಿಯ ಮಡಕೆ ಹಿಡಿದುಕೊಂಡು ಅವನ ಮನೆಗೆ ಹೋದೆ, ಬಟ್ಟೆಬರೆ ಕಟ್ಟಿಕೊಂಡು ಬರೋಣ ಎಂದು.

ಬಾಗಿಲು ತೆರೆದವಳು ಒಬ್ಬ ಹೆಂಗಸು. ಆ ದೇಶದವಳೇ. ನನ್ನ ಮುಖವನ್ನೇ ನೋಡುತ್ತ ನಿಂತಳು — ಅಣ್ಣನ ಹೋಲಿಕೆ ಹುಡುಕಿದಳೋ ಏನೋ. ಆಮೇಲೆ ಅಂದಳು:

"ಬರ್ರಿ. ಕುಂತ್ಕಳ್ರಿ."

ನನ್ನ ಅವ್ವ ಹೇಳುವ ಹಾಗೆಯೇ. ಅದೇ ಎಳೆತ. ಕಡಲು ದಾಟಿ ಹೋದ ಊರಿನಲ್ಲಿ, ನಾನು ಎಂದೂ ಕಾಣದ ಹೆಂಗಸಿನ ಬಾಯಲ್ಲಿ ನಮ್ಮ ಹಟ್ಟಿಯ ಮಾತು. ಅವಳ ಹೆಸರು ನೀಮಾ. ಅಣ್ಣನ ಜೊತೆ ಅವರ ಪದ್ಧತಿಯಂತೆ ಮದುವೆಯಾಗಿತ್ತು. ಅವಳ ಹಿಂದಿನಿಂದ ಇಣುಕಿದ ಮಗು ನನ್ನ ಕೈಯಲ್ಲಿದ್ದ ಮಡಕೆಯನ್ನು ನೋಡುತ್ತಿತ್ತು. ಆ ಮಗುವಿಗೆ ಅಣ್ಣ ಇಟ್ಟ ಹೆಸರು ಗಂಗಾ. ನಮ್ಮ ಅವ್ವ ಗಂಗಮ್ಮ.

ನೀಮಾ ಜೋಳದ ಹಿಟ್ಟಿನ ಮುದ್ದೆ ತಿರುವಿ ಬಡಿಸಿದಳು. ಅಣ್ಣ ಅಲ್ಲಿ ಉಪವಾಸ ಬಿದ್ದಿರಲಿಲ್ಲ. ಅವನನ್ನು ಒಬ್ಬಳು ಚೆನ್ನಾಗಿಯೇ ನೋಡಿಕೊಂಡಿದ್ದಳು. ಅದು ನನಗೆ ಸಮಾಧಾನ ತರಬೇಕಿತ್ತು — ಉರಿ ತಂದಿತು. ನಮಗೆ ಹೇಳದೆ, ಕೇಳದೆ ಇವನು... ಅಣ್ಣನ ಮೇಲೆ ಆ ಸಿಟ್ಟನ್ನು ನಾನು ಬಹಳ ಕಾಲ ಸಾಕಿದೆ. ಯಾಕೆ ಹೇಳಲಿಲ್ಲ ಎಂದರೆ, ಅವನಿಗೆ ನಾವು ಗೊತ್ತಿದ್ದೆವು. ಹೊಳಲ್ಕೆರೆ ಕಡೆ ಬೇರೆ ಜಾತಿಯವನ ಜೊತೆ ಹೋದ ಚಿಕ್ಕಪ್ಪನ ಮಗಳನ್ನು ನಾವೆಲ್ಲ ಸೇರಿ ಬದುಕಿದ್ದಾಗಲೇ ಸತ್ತಳೆಂದು ಸಾರಿದ್ದೆವು. ಅವಳ ಹೆಸರು ಹೇಳಬಾರದೆಂದು ಎಲ್ಲರಿಗಿಂತ ಜೋರಾಗಿ ಕೂಗಿದವನು ನಾನೇ. ಅಣ್ಣ ಅಲ್ಲೇ ನಿಂತು ನೋಡಿದ್ದ.

ಕಾರು ಅಂಗಳದಲ್ಲಿತ್ತು. ಸ್ಟೇರಿಂಗ್ ನಮ್ಮಲ್ಲಿಯ ಹಾಗೆ ಬಲಗಡೆ. ನೀಮಾ ಅದರಲ್ಲಿ ಸಂತೆಗೆ ತರಕಾರಿ ಸಾಗಿಸುತ್ತಿದ್ದಳು. ಹಿಂದಿನ ಸೀಟಿನಲ್ಲಿ ಸೊಪ್ಪಿನ ವಾಸನೆ. ಇದನ್ನು ಊರಿಗೆ ಒಯ್ಯುವುದು ಸಾಧ್ಯವೇ ಎಂದು ನಾನು ಅಣ್ಣನ ಸೂತಕ ಕಳೆಯುವ ಮೊದಲೇ ಅಲ್ಲಿನ ಒಬ್ಬ ಏಜೆಂಟನನ್ನು ವಿಚಾರಿಸಿದೆ. ಹಳೆಯ ಕಾರನ್ನು ಯಾರೆಂದರೆ ಅವರು ತರಿಸಿಕೊಳ್ಳಲು ಇಂಡಿಯಾದಲ್ಲಿ ಬಿಡುವುದಿಲ್ಲ, ಆದರೆ ಪರದೇಶದಲ್ಲಿ ಸತ್ತವರ ಗಾಡಿಯನ್ನು ವಾರಸುದಾರರು ತರಿಸಿಕೊಳ್ಳಲು ದಾರಿ ಇದೆ ಎಂದ. "ಆದರೆ ಇಲ್ಲಿ ಹೆಂಡತಿ, ಮಕ್ಕಳು ಅಂತ ಇದ್ದರೆ ಗಾಡಿ ಅವರದ್ದು" ಎಂದೂ ಹೇಳಿದ. ನಾನು ತಲೆಯಾಡಿಸಿದೆ. ನನಗೆ ಬೇಕಾದದ್ದು ಆ ಕ್ಷಣವೇ ಸ್ಪಷ್ಟವಾಗಿತ್ತು. ಅವ್ವನ ಮರ್ಯಾದೆ, ಊರಿನವರ ಬಾಯಿ, ಹೊಸದುರ್ಗದಲ್ಲಿ ಮಾತಾಗಿದ್ದ ನನ್ನ ಮದುವೆ — ಇವನ್ನೆಲ್ಲ ಆಮೇಲೆ ಕಾರಣಗಳೆಂದು ಜೋಡಿಸಿಕೊಂಡೆ. ಸುಳ್ಳು. ನನಗೆ ಕಾರು ಬೇಕಾಗಿತ್ತು.

ನೀಮಾಳಿಗೆ ಹೇಳಿದೆ, ಅಣ್ಣನದೆಲ್ಲ ನಿನ್ನ ಹೆಸರಿಗೆ ಮಾಡಿಸಬೇಕು, ಸರ್ಕಾರಿ ಆಫೀಸಿಗೆ ಹೋಗೋಣ ಎಂದು. ಅವಳೇ ಕಾರು ಓಡಿಸಿಕೊಂಡು ನನ್ನನ್ನು ಅಲ್ಲಿಗೆ ಕರೆದೊಯ್ದಳು. ದಾರಿಯಲ್ಲಿ ಅಣ್ಣನಿಗೆ ಇಷ್ಟವಾದ ಜಾಗಗಳನ್ನೆಲ್ಲ ತೋರಿಸಿದಳು. ಮೊದಲು ನಾನೊಬ್ಬನೇ ಹೋಗಿ ಮಾತಾಡಿಕೊಂಡು ಬರುತ್ತೇನೆ ಎಂದಾಗ ಒಂದೂ ಪ್ರಶ್ನೆ ಕೇಳಲಿಲ್ಲ. ಗಂಡನ ತಮ್ಮ ಅಲ್ಲವೇ ನಾನು — ಮೈದುನ.

ಒಳಗೆ ಅಧಿಕಾರಿ ಕನ್ನಡಕ ತೆಗೆದು ಕೇಳಿದರು, "ಹೆಂಡತಿ? ಮಕ್ಕಳು?"

"ಯಾರೂ ಇಲ್ಲ" ಎಂದೆ.

ಕಿಟಕಿಯಾಚೆ ಗಂಗಾ ತನ್ನ ಲಂಗದ ತುದಿಯಿಂದ ಕಾರಿನ ಮುಂದಿನ ಗಾಜು ಒರೆಸುತ್ತಿದ್ದಳು. ಎತ್ತರ ಸಾಲದೆ ಹಾರಿ ಹಾರಿ ಒರೆಸುತ್ತಿದ್ದಳು. ನಾನು ನೋಡಿದೆ. ನೋಡಿಯೂ ಹೇಳಿದೆ, ಅಧಿಕಾರಿ ಬರೆದುಕೊಂಡದ್ದಕ್ಕೆ ಸಹಿಯನ್ನೂ ಹಾಕಿದೆ.

ಕೆಲವು ದಿನ ಕಳೆದು, ಕಾರು ಕಂಪನಿಯದಂತೆ, ಅವರು ವಾಪಸ್ ಕೇಳುತ್ತಿದ್ದಾರೆ ಎಂದು ನೀಮಾಳಿಗೆ ಇನ್ನೊಂದು ಸುಳ್ಳು ಹೇಳಿದೆ. ಅವಳು ಬೀಗದಕೈ ಕೊಡುವ ಮೊದಲು ಸೀಟಿನ ಕೆಳಗೆ ಸಿಕ್ಕಿದ್ದ ಎರಡು ಒಣ ಮೆಣಸಿನಕಾಯಿ, ಮಗಳ ಒಂದು ಚಪ್ಪಲಿ ತೆಗೆದುಕೊಂಡಳು. ಅಷ್ಟೇ.

ಕಾರು ಹಡಗಿನಲ್ಲಿ ಮುಂಬೈಗೆ ಬಂತು. ಸುಂಕ ಕಟ್ಟಲು ಅವ್ವ ಅರ್ಧ ಹಿಂಡು ಮಾರಿಸಿದಳು. "ನನ್ನ ಮಗ ಕುಂತ ಗಾಡಿ, ಬರ್ಲಿ" ಎಂದಳು. ನಾನು ತಡೆಯಲಿಲ್ಲ. ಚಿತ್ರದುರ್ಗದಲ್ಲಿ ನೋಂದಣಿ ಮಾಡಿಸಿ ಹೆದ್ದಾರಿಯಲ್ಲಿ ಮನೆಗೆ ಓಡಿಸಿಕೊಂಡು ಬಂದಾಗ ಊರು ಊರೇ ಬಂದು ಮುಟ್ಟಿ ನೋಡಿತು. ಅವ್ವ ಆರತಿ ಎತ್ತಿದಳು. ಬಾನೆಟ್ಟಿನ ಮೇಲೆ ಕೈಯಿಟ್ಟು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ನನ್ನನ್ನು ಪಕ್ಕಕ್ಕೆ ಕರೆದಳು.

"ಅಲ್ಲಿ ಅವನಿಗೆ ಯಾರೂ ಇರ್ಲಿಲ್ವೇನೋ? ಒಂದು ಮುದ್ದೆ ಮಾಡಿ ಹಾಕೋರು?"

"ಇರ್ಲಿಲ್ಲವ್ವ."

ಅಧಿಕಾರಿಗೆ ಹೇಳಿದ್ದಕ್ಕಿಂತ ಇದು ಸಲೀಸಾಗಿ ಬಂತು. ಅದೇ ನನಗೆ ಈಗ ಹೆಚ್ಚು ಅಸಹ್ಯ ಹುಟ್ಟಿಸುತ್ತದೆ. ಅವ್ವ ಆಮೇಲೆ ಮುದ್ದೆ ಮುರಿಯುವಾಗಲೆಲ್ಲ, ಉಣ್ಣಿಸುವವರಿಲ್ಲದೆ ಸತ್ತ ಮಗನನ್ನು ನೆನೆದು ಕೊರಗುತ್ತಿದ್ದಳು. ಎದುರಿಗೆ ಕೂತು ನಾನು ಉಣ್ಣುತ್ತಿದ್ದೆ. ಒಂದು ಮಾತು — ಒಂದೇ ಮಾತು ಹೇಳಿದ್ದರೆ ಅವಳ ಆ ಸಂಕಟ ಹೋಗುತ್ತಿತ್ತು.

ಹೇಳಲಿಲ್ಲ. ಮೆರೆದೆ. ಆ ಕಾರಿನಲ್ಲೇ ನನ್ನ ಮದುವೆಯ ಮೆರವಣಿಗೆ ಹೋಯಿತು. ಹೊರಕೆರೆದೇವಪುರದ ದೇವಸ್ಥಾನಕ್ಕೆ ಪೂಜೆಗೆ ಒಯ್ದೆ. ದೇವರ ಎದುರು ಅದರ ಚಕ್ರದಡಿ ನಿಂಬೆಹಣ್ಣು ಇಟ್ಟು ಅಪ್ಪಚ್ಚಿ ಮಾಡಿಸಿದೆ, ಯಾರ ದೃಷ್ಟಿಯೂ ತಾಗದಿರಲಿ ಎಂದು! ಜನ ನನ್ನನ್ನು "ಫಾರಿನ್ ಶಿವಣ್ಣ" ಎಂದರು. ಹಿಗ್ಗಿದೆ. ದೀಪ ಒಡೆದರೆ ಹಿರಿಯೂರಿನ ಗ್ಯಾರೇಜಿನಲ್ಲಿ ಸಾಮಾನು ಸಿಗುತ್ತಿರಲಿಲ್ಲ, ತಿಂಗಳುಗಟ್ಟಲೆ ನಿಲ್ಲುತ್ತಿತ್ತು. ಆಗಲೂ ಊರಿನವರಿಗೆ ಕಾಣಲೆಂದು ಮನೆಯ ಮುಂದೆಯೇ ನಿಲ್ಲಿಸುತ್ತಿದ್ದೆ.

ನೀಮಾ ಫೋನ್ ಮಾಡುತ್ತಿದ್ದಳು. ಕಂಪನಿಗೆ ಹೋಗಿ ವಿಚಾರಿಸಿದ್ದಳು, ಕಾರು ಅವರದ್ದಲ್ಲ ಎಂದು ತಿಳಿದಿತ್ತು. ಮೊದಲು ಕಟ್ ಮಾಡಿದೆ. ಆಮೇಲೆ ನಂಬರನ್ನೇ ಬದಲಾಯಿಸಿದೆ.

ಹೀಗೆ ವರ್ಷಗಳು ಹೋದವು. ಕಳೆದ ಬೇಸಿಗೆಯಲ್ಲಿ ಭರಮಸಾಗರದ ಬಸಣ್ಣ ನಮ್ಮ ಮನೆಗೆ ಬಂದರು. ಅಣ್ಣನ ಜೊತೆ ಅದೇ ಲಾರಿಯಲ್ಲಿ ದುಡಿದವರು, ನೀಮಾಳಿಂದ ಎಲ್ಲ ಕೇಳಿಕೊಂಡು, ಅಲ್ಲಿಯ ಕೆಲಸ ಬಿಟ್ಟು ಊರಿಗೆ ಮರಳಿದ್ದರು. ಅವ್ವ ಮಜ್ಜಿಗೆ ಕೊಟ್ಟಳು. ಅವರು ಕುಡಿಯಲಿಲ್ಲ. ಲೋಟ ಕೆಳಗಿಟ್ಟು, ಫೋನು ತೆಗೆದು ಅವ್ವನ ಮುಂದೆ ಹಿಡಿದರು.

"ಗಂಗಮ್ಮಾರೆ, ನಿಮ್ಮ ಮೊಮ್ಮಗಳು. ಎಷ್ಟು ಬೆಳೆದವಳೆ ನೋಡ್ರಿ. ನಿಮ್ಮದೇ ಹೆಸರು."

ನಾನು ಬಾಗಿಲಲ್ಲಿದ್ದೆ. ಇದನ್ನು ಬರೆಯುವಾಗ, ನಾನೇ ಅವ್ವನ ಕಾಲಿಗೆ ಬಿದ್ದು ಎಲ್ಲ ಹೇಳಿದೆ ಎಂದು ಬರೆಯಲು ಕೈ ತುಡಿಯಿತು. ಇಲ್ಲ. ನಾನಾಗಿ ಹೇಳಲಿಲ್ಲ — ಸಿಕ್ಕಿಬಿದ್ದೆ. ಸಿಕ್ಕಿಬಿದ್ದ ಮೇಲೂ "ಯಾರೋ ಏನೋ, ಮೋಸದ ಫೋಟೊ ಇರಬೇಕು" ಎಂದು ಗೊಣಗಿದೆ. ಬಸಣ್ಣ ಎದ್ದು ನಿಂತರು.

"ಲೇ, ಆವಮ್ಮ ನಿನಗೆ ಮುದ್ದೆ ಮಾಡಿ ಉಣ್ಣಿಸಿದ್ದು ಸುಳ್ಳೇನಲೇ? ಆಫೀಸಿಗೆ ಕಾರ್ನಾಗೆ ಕರ್ಕಂಡು ಹೋಗಿದ್ದು ಸುಳ್ಳೇನಲೇ?"

ಅವ್ವ ಫೋಟೊ ನೋಡುತ್ತಿದ್ದವಳು ನನ್ನ ಮುಖ ನೋಡಿದಳು. ಅವಳಿಗೆ ಅಷ್ಟು ಸಾಕಾಯಿತು. ಕುರಿ ಕಾಯುವ ಕೋಲು ಗೋಡೆಗೆ ಒರಗಿತ್ತು, ಅದನ್ನು ಎತ್ತಿಕೊಂಡಳು. ನನ್ನನ್ನು ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. ಅವಳು ನನ್ನನ್ನು ದಾಟಿ ಹೊರಗೆ ಹೋದಳು. ಕಾರಿನ ಗಾಜಿಗೆ ಬಾರಿಸಿದಳು. ಮತ್ತೆ ಬಾರಿಸಿದಳು. ಬೀದಿಯ ಜನ ಓಡಿ ಬಂದರು.

"ನನ್ನ ಮಗನ ರಕ್ತ ಅಲ್ಲಿ ಬಿಟ್ಟು ಈ ಕಬ್ಬಿಣ ತಂದ್ಯೇನೋ! ಇದಕ್ಕೆ ಆರತಿ ಎತ್ತಿಸಿದ್ಯಲ್ಲೋ ನನ್ನ ಕೈಲಿ! ಉಣ್ಣೋಕೆ ಹಾಕೋರಿಲ್ದೆ ಸತ್ತ ಅಂತ ದಿನಾ ಅತ್ತೆನಲ್ಲೋ, ನೋಡ್ಕಂಡು ಕುಂತಿದ್ಯಲ್ಲೋ!"

ಯಾರೋ ತಡೆಯಲು ಹೋದರು. "ಮುಟ್ಟಬ್ಯಾಡ್ರಿ" ಎಂದು ಗದರಿದಳು. ಇಡೀ ಬೀದಿಗೆ ಕೇಳುವಂತೆ, ನನಗೊಬ್ಬ ಮೊಮ್ಮಗಳಿದ್ದಾಳೆ, ಸೊಸೆ ಇದ್ದಾಳೆ ಎಂದು ಕೂಗಿ ಹೇಳಿದಳು. ಯಾವ ಊರಿನ ಬಾಯಿಗೆ ಅವಳು ಹೆದರುತ್ತಾಳೆ ಎಂದು ನಾನು ಲೆಕ್ಕ ಹಾಕಿದ್ದೆನೋ ಆ ಊರಿನ ಎದುರೇ.

ಆ ಸಂಜೆ ಬಸಣ್ಣ ನೀಮಾಳಿಗೆ ಫೋನ್ ಹಚ್ಚಿ ಕೊಟ್ಟರು. ಅವ್ವ ಮತ್ತು ಮೊಮ್ಮಗಳು ಏನು ಮಾತಾಡಿದರೋ, ನನ್ನನ್ನು ಹತ್ತಿರ ಬಿಡಲಿಲ್ಲ. ಕೊನೆಗೆ ಬಸಣ್ಣ ಫೋನನ್ನು ನನ್ನ ಕೈಗೆ ತುರುಕಿದರು. ನಾನು ಸಿದ್ಧ ಮಾಡಿಕೊಂಡಿದ್ದ ಮಾತುಗಳನ್ನೆಲ್ಲ ಒದರಿದೆ — ಕಾರು ಮಾರಿ ಕಳಿಸುತ್ತೇನೆ, ಏನು ಬೇಕಾದರೂ ಕೊಡುತ್ತೇನೆ. ನೀಮಾ ಕೇಳಿಸಿಕೊಂಡಳು. ಅವಳ ಕನ್ನಡ ಮೊದಲಿಗಿಂತ ತೊದಲುತ್ತಿತ್ತು, ಸಿಟ್ಟು ತೊದಲುತ್ತಿರಲಿಲ್ಲ.

"ಕಾರು ಬ್ಯಾಡ. ಸರ್ಕಾರದಾಗೆ ನನ್ನ ಮಗಳಿಗೆ ಅಪ್ಪ ಇಲ್ಲ. ನೀನು ಇಲ್ಲ ಮಾಡಿದಿ. ನೀನು ಬಾ. ಅದೇ ಆಫೀಸ್ನಾಗೆ ಹೇಳು."

ಫೋನ್ ಇಟ್ಟುಬಿಟ್ಟಳು.

ಚಿತ್ರದುರ್ಗದಲ್ಲಿ ಒಬ್ಬ ವಕೀಲರ ಹತ್ತಿರ ಹೋಗಿ ಎಲ್ಲ ಹೇಳಿದೆ. ಅಲ್ಲಿ ಸುಳ್ಳು ಹೇಳಿದ್ದನ್ನು ಒಪ್ಪಿಕೊಂಡರೆ ಅಲ್ಲಿಯೂ ತೊಂದರೆ, ಆ ಸುಳ್ಳಿನ ಮೇಲೆ ಕಾರು ತಂದದ್ದಕ್ಕೆ ಇಲ್ಲಿಯೂ ತೊಂದರೆ. ಹಳೆಯ ಮಾತು, ಯಾಕೆ ಕೆದಕುತ್ತೀರಿ, ಸುಮ್ಮನಿರಿ ಎಂದರು. ಸುಮ್ಮನಿರಿ! ಇಷ್ಟು ವರ್ಷ ನಾನು ಮಾಡಿದ್ದು ಅದನ್ನೇ. ನನ್ನ ಹೆಂಡತಿಯೂ ಅತ್ತು ಕರೆದು ಬೇಡವೆಂದಳು. ಅವಳ ಹೆದರಿಕೆ ಸುಳ್ಳಲ್ಲ, ಅವಳನ್ನೂ ಈ ಕಳ್ಳಮಾಲಿನಲ್ಲಿ ಕೂರಿಸಿಕೊಂಡೇ ಮನೆತುಂಬಿಸಿಕೊಂಡವನು ನಾನು. ಕಾರನ್ನು ಏನು ಮಾಡಬೇಕೋ ಸುಂಕದವರು ಹೇಳಲಿ ಎಂದು ಅವರಿಗೂ ನಡೆದದ್ದನ್ನು ತಿಳಿಸಿದ್ದೇನೆ. ಬಂದದ್ದು ಬರಲಿ, ಅಲ್ಲಿಗೂ ಹೋಗಿ ಹೇಳುತ್ತೇನೆ.

ಅವ್ವ ತಾನೂ ಬರುತ್ತೇನೆ ಎಂದಳು. ಪಾಸ್‌ಪೋರ್ಟಿಗೆ ಫೋಟೊ ತೆಗೆಸಲು ಹಿರಿಯೂರಿಗೆ ಬಸ್ಸಿನಲ್ಲಿ ಹೋದಳು, ನನ್ನ ಜೊತೆಗಲ್ಲ, ಬಸಣ್ಣನ ಜೊತೆ. ಅವಳು ನನ್ನ ಕೈಯಿಂದ ನೀರು ಈಸಿಕೊಳ್ಳುವುದಿಲ್ಲ. ನಾನು ಉಣ್ಣಲು ಕೂತರೆ ಎದ್ದು ಹೋಗುತ್ತಾಳೆ. ಕ್ಷಮಿಸು ಎಂದು ನಾನು ಕೇಳಿಲ್ಲ. ಕೇಳುವ ಬಾಯಿ ನನಗಿಲ್ಲ.

ನಿನ್ನೆ ವಿಮಾನದ ಟಿಕೆಟ್ ಬಂದಿವೆ ಎಂದು ಹೇಳಲು ಅವಳ ಹತ್ತಿರ ಹೋದೆ. ಕುರಿಮರಿಯ ಕಾಲಿಗೆ ಹೊಕ್ಕ ಮುಳ್ಳು ತೆಗೆಯುತ್ತಿದ್ದಳು. ತಲೆ ಎತ್ತಲಿಲ್ಲ. ಎಷ್ಟೋ ದಿನಗಳ ಮೇಲೆ ನನ್ನ ಜೊತೆ ಮಾತಾಡಿದಳು.

"ಇಮಾನದಾಗೆ ನನ್ನ ಪಕ್ಕ ಕುಂತ್ಕಬ್ಯಾಡ."

"ಆಯ್ತವ್ವ" ಎಂದೆ.