ಎರಡೂಮುಕ್ಕಾಲು ಮೀಟರಿನ ಎಂಟು ಲಂಗಗಳು

ಸರೋಜಕ್ಕ, ಅವತ್ತು ಬಟ್ಟೆ ಸಾಲದೆ ಹೋದದ್ದು ನಿಮ್ಮ ಕತ್ತರಿಯಿಂದಲ್ಲ, ನನ್ನ ಲೆಕ್ಕದಿಂದ. ಒಂಬತ್ತು ವರ್ಷ ಈ ಮಾತನ್ನು ಬಾಯಿ ಬಿಡದೆ, ನಿಮ್ಮ ಜೊತೆ ಒಂದೇ ಮನೆಯಲ್ಲಿ, ನಿಮ್ಮ ಕೈಯಡುಗೆ ಉಂಡುಕೊಂಡು ಇದ್ದೇನೆ.

ಕಾಚಿಗೂಡದ ನಮ್ಮ ಓಣಿಯ ಎಂಟು ಕನ್ನಡದ ಹುಡುಗಿಯರು ಕೋಲಾಟಕ್ಕೆ ನಿಂತಿದ್ದರು. ಲಂಗ ಹೊಲಿಯಲು ಒಪ್ಪಿಕೊಂಡ ನೀವು, ಒಂದಕ್ಕೆ ಎರಡೂಮುಕ್ಕಾಲು ಮೀಟರ್ ಬೇಕು ಎಂದಿರಿ. ಬಟ್ಟೆ ತರಲು ಸುಲ್ತಾನ್ ಬಜಾರಿಗೆ ಹೊರಟವಳು ನಾನು — ದಿಲ್‌ಸುಖ್‌ನಗರದ ಕೋಚಿಂಗಿನಲ್ಲಿ ಗಣಿತ ಹೇಳುವ, ನಿಮ್ಮ ಮೈದುನನ ಜಾಣ ಹೆಂಡತಿ! ಎಂಟೆರಡ್ಲೆ ಹದಿನಾರು, ಅದರ ಮೇಲೊಂದು ಮುಕ್ಕಾಲು... ಮುಕ್ಕಾಲನ್ನೂ ಎಂಟರಿಂದ ಗುಣಿಸಿ ಎಂದು ಮಕ್ಕಳೆದುರು ದಿನಾ ಗಂಟಲು ಹರಿದುಕೊಳ್ಳುವವಳು ನಾನೇ. ಅಂಗಡಿಯ ಆ ಗದ್ದಲದಲ್ಲಿ — ಬೇಡ, ಗದ್ದಲದ ಮಾತೇಕೆ. ಇಪ್ಪತ್ತೆರಡು ಮೀಟರ್ ತರಬೇಕಾದವಳು ಹದಿನಾರೂಮುಕ್ಕಾಲು ತಂದೆ.

ಶಾಲೆ ಕಾಣದ ನೀವು ಇಂಥ ಲೆಕ್ಕವನ್ನು ಒಂದೇ ಉಸಿರಿಗೆ ಹೇಳುವವರು: ಎಂಟು ಮೂರ್ಲೆ ಇಪ್ಪತ್ನಾಲ್ಕು, ಎಂಟು ಕಾಲು ಸೇರಿದರೆ ಎರಡು, ಅದನ್ನು ಕಳೆದರೆ ಇಪ್ಪತ್ತೆರಡು. ಅವತ್ತು ಮಾತ್ರ ಎಣಿಸಲಿಲ್ಲ, ಅಳೆದು ನೋಡಲೂ ಇಲ್ಲ. “ಲೆಕ್ಕದ ಟೀಚರ್ ಮನ್ಯಾಗ ಅದಾಳ, ನಾ ಯಾಕ ತಲಿ ಕೆಡಿಸ್ಕೊಳ್ಳಲಿ?” ಎಂದು ನಕ್ಕು ಕತ್ತರಿ ಎತ್ತಿಕೊಂಡಿರಿ.

ಆರು ಲಂಗವಾಯಿತು. ಉಳಿದದ್ದು ಗೇಣಗಲದ ಪಟ್ಟಿ. ಅಂಗಡಿಯಲ್ಲಿ ಆ ಬಣ್ಣದ ಬಟ್ಟೆಯ ಥಾನೂ ಮುಗಿದಿತ್ತು.

“ನಾನ ಎಲ್ಲೋ ಜಾಸ್ತಿ ಹಿಡ್ದೀನಿ ತಂಗಿ, ಕಣ್ಣು ಮಂಜಾಗ್ಯಾವ.”

ನನಗಾಗಲೇ ತಪ್ಪು ಹೊಳೆದಿತ್ತು. “ಇರ್ಲಿ ಬಿಡ್ರಿ ಅಕ್ಕ” ಎಂದೆ — ಕ್ಷಮಿಸುವವಳ ಹಾಗೆ!

ನೀವು ತವರಿನವರು ಕೊಟ್ಟ ಹಸಿರು ಇಳಕಲ್ ಸೀರೆ ತಂದು ಕತ್ತರಿ ಹಾಕಿದಿರಿ. ಐದೂವರೆ ಮೀಟರ್, ಸರಿಯಾಗಿ ಎರಡು ಲಂಗ. ಅಷ್ಟು ನೋಡಿಯೂ ನಾನು ಸುಮ್ಮನಿದ್ದೆ.

ಸೀರೆಗಿಂತ ಹೆಚ್ಚು ಚುಚ್ಚುವುದು ಬೇರೆಯೇ ಇದೆ. ಅಂದಿನಿಂದ ಒಂದು ಕುಪ್ಪಸ ಕತ್ತರಿಸಬೇಕೆಂದರೂ ಟೇಪು ಹಿಡಿದು ನನ್ನ ಬಳಿ ಬರುತ್ತೀರಿ. “ಒಮ್ಮಿ ನೋಡವಾ, ನನ್ನ ಕೈ ಮ್ಯಾಲ ನನಗ ನಂಬಿಕಿ ಇಲ್ಲ.” ನಾನು ನೋಡಿ, ಸರಿ ಇದೆ ಎನ್ನುತ್ತೇನೆ. ಪ್ರತಿ ಸಲವೂ ಸರಿಯೇ ಇರುತ್ತದೆ, ಅಕ್ಕ. ಈ ಮನೆಯಲ್ಲಿ ನನ್ನನ್ನು ತಾಯಿಯಂತೆ ನೋಡಿಕೊಂಡವರು ನೀವು. ನಿಮ್ಮ ಕೈಯ ಧೈರ್ಯ ಕಸಿದವಳು ನಾನು.

ನಾಳೆ ಎಲ್ಲರೂ ಊಟಕ್ಕೆ ಕೂತಾಗ, “ಸರೋಜಾಗ ವಯಸ್ಸಾತು” ಎಂದು ಅವತ್ತು ಆಡಿಕೊಂಡವರ ಎದುರೇ ಇದನ್ನು ಹೇಳುತ್ತೇನೆ. ಆಮೇಲೆ ನನ್ನೊಡನೆ ಮಾತು ಬಿಟ್ಟರೂ ಸರಿ — ಇನ್ನು ಯಾರನ್ನೂ ಕೇಳದೆ ಬಟ್ಟೆಗೆ ಕತ್ತರಿ ಹಾಕಿ, ಅಕ್ಕ.