ಭಾವ ಕೈ ಎತ್ತಿದರೆ

ನಮ್ಮ ವಿಶ್ವವಿದ್ಯಾಲಯದ ಸಂಶೋಧನಾ ಅನುದಾನ ಕಚೇರಿಯಲ್ಲಿ ಅರ್ಜಿ ತಿದ್ದುವವಳಿಗೆ ಕತ್ತರಿ ಅಕ್ಕ ಅಂತಲೇ ಹೆಸರು. ಅನುದಾನ ಕೇಳಿ ಪ್ರೊಫೆಸರುಗಳು ಬರೆದ ಅರ್ಜಿ ಮೊದಲು ಅವಳ ಮೇಜಿಗೆ ಬರಬೇಕು. ಬಜೆಟ್ಟು, ಸಹಿ, ಗಡುವು ನನ್ನ ಪಾಲು. ಭಾಷೆ ಅವಳ ಪಾಲು. ಹನುಮಂತನ ಬಾಲದಂಥ ವಾಕ್ಯಗಳನ್ನು ಮುಲಾಜಿಲ್ಲದೆ ಕತ್ತರಿಸುತ್ತಿದ್ದಳು. ಯಾರಿಗೂ ತಿಳಿಯದ ಹಾಗೆ ಬರೆಯುವುದೇ ಪಾಂಡಿತ್ಯ ಅಂದುಕೊಂಡ ಮಹನೀಯರಿಗೆ ಮೈಯೆಲ್ಲ ಉರಿಯುತ್ತಿತ್ತು. ಅನುದಾನ ಬಂದ ದಿನ ಮಾತ್ರ ಹಲ್ಲು ಕಿರಿಯುತ್ತ ಬರುತ್ತಿದ್ದರು.

ಅವಳ ಗುಟ್ಟು ಇಷ್ಟೇ. ಅವಳ ಗಂಡ, ಅಂದರೆ ನಮ್ಮೆಲ್ಲರ ಭಾವ, ದರ್ಜಿ. ಸಂಜೆ ಮನೆಗೆ ಹೋಗಿ ಹೊಲಿಗೆ ಮೆಷಿನ್ನಿನ ಪಕ್ಕ ಕೂತು ಅರ್ಜಿಯ ಮೊದಲ ಪುಟವನ್ನು ಅವರಿಗೆ ಓದಿ ಹೇಳುತ್ತಿದ್ದಳು. ಅರ್ಥವಾಗದಿದ್ದರೆ ಮೆಷಿನ್ ನಿಲ್ಲುತ್ತಿತ್ತು, ಭಾವನ ಕೈ ಮೇಲೇಳುತ್ತಿತ್ತು.

"ಈ ಸೂಕ್ಷ್ಮಾಣು ವೈವಿಧ್ಯ ಅಂದ್ರೆ ಏನೇ?"

"ಮಣ್ಣಲ್ಲಿರೋ ಕಣ್ಣಿಗೆ ಕಾಣದ ಜೀವಗಳು ಕಣ್ರೀ, ಬೇರೆಬೇರೆ ಥರದ್ದು."

"ಹಾಗೇ ಬರಿ ಮತ್ತೆ. ಬರೆದ್ರೆ ಅವರ ಗಂಟೇನು ಹೋಗುತ್ತೆ?"

ಭಾವ ಕೈ ಎತ್ತಿದರೆ ಆ ವಾಕ್ಯದ ಕಥೆ ಮುಗಿಯಿತು.

ಹೋದ ವರ್ಷ ಆ ಕೈ ಏಳುವುದು ಕಡಿಮೆಯಾಯಿತು. ಆಮೇಲೆ ಪೂರ್ತಿ ನಿಂತೇಹೋಯಿತು. ಅಕ್ಕನಿಗೆ ಹಿಗ್ಗೋ ಹಿಗ್ಗು. "ನೋಡೋ, ನಿಮ್ಮ ಭಾವ ಈಗ ಒಂದು ಸಲಾನೂ ಕೈ ಎತ್ತಲ್ಲ. ನನ್ನ ಬರವಣಿಗೆ ಅಷ್ಟು ತಿಳಿಯಾಗಿದೆ!" ಭಾವ ನನ್ನ ಅಂಗಿಗೆ ಎರಡೂ ಎಡತೋಳು ಹೊಲಿದುಕೊಟ್ಟಿದ್ದೂ ಅದೇ ದಿನಗಳಲ್ಲಿ. ನಾವು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಅವರೂ ನಕ್ಕರು.

ನಂತರ ಅರ್ಜಿಗಳು ಒಂದೊಂದಾಗಿ ತಿರಸ್ಕೃತವಾಗಿ ಬಂದವು. ಮಣ್ಣಿನ ಬಗ್ಗೆ ಕೆಲಸ ಮಾಡುವ ಮೇಡಂ ಒಂದು ಮಧ್ಯಾಹ್ನ ಕೆಂಪು ಕಣ್ಣಲ್ಲಿ ಬಂದು ನಿಂತರು. "ಮೊದಲ ಪುಟಾನೇ ಅರ್ಥವಾಗ್ಲಿಲ್ಲ ಅಂದ್ರಂತೆ ಸಮಿತಿಯವರು."

"ಸಾಧ್ಯಾನೇ ಇಲ್ಲ ಮೇಡಂ. ಮನೇಲಿ ಓದಿದಾಗ ನಮ್ಮೆಜಮಾನ್ರು..." ಅಕ್ಕನ ಮಾತು ಅಲ್ಲೇ ನಿಂತಿತು. ಅವಳು ಚೀಲ ಎತ್ತಿಕೊಂಡು ಹೊರಟಳು. ಒಬ್ಬಳನ್ನೇ ಬಿಡಲು ಧೈರ್ಯವಾಗದೆ ನಾನೂ ಹಿಂದೆಯೇ ಹೋದೆ.

ಭಾವ ಮೆಷಿನ್ ಮುಂದೆ ಕೂತಿದ್ದರು. ಸೂಜಿಯ ಕೆಳಗೆ ಬಟ್ಟೆ ಇರಲಿಲ್ಲ, ಆದರೂ ತುಳಿಯುತ್ತಿದ್ದರು. ಅಕ್ಕ ಖಾಲಿ ಹಾಳೆಯೊಂದನ್ನು ಹಿಡಿದು ಓದುವವಳ ಹಾಗೆ ಹೇಳಿದಳು: "ಇಸ್ತ್ರಿ ಪೆಟ್ಟಿಗೆ ಬಸ್ಸನ್ನು ಮದುವೆಯಾಗಿ ಮಳೆಯಲ್ಲಿ ಮೊಳಕೆಯೊಡೆಯಿತು."

ಭಾವ ತಲೆದೂಗಿದರು. "ಚೆನ್ನಾಗಿದೆ ಕಣೇ."

ಅಕ್ಕ ಹಾಳೆ ಮಡಿಸಿಟ್ಟು ಮೆಷಿನ್ನಿನ ಚಕ್ರ ಹಿಡಿದು ನಿಲ್ಲಿಸಿದಳು. ಅರ್ಥವಾಗುತ್ತಿಲ್ಲ ಅಂತ ಹೆಂಡತಿಗೆ ಗೊತ್ತಾಗದಿರಲಿ ಅಂತ ಅಷ್ಟು ತಿಂಗಳು ಒಬ್ಬರೇ ಹೆಣಗಿದ್ದರಲ್ಲ, ಪುಣ್ಯಾತ್ಮ! ಮರೆವಿನ ಕಾಯಿಲೆ, ಇನ್ನು ಹೆಚ್ಚುತ್ತಲೇ ಹೋಗುತ್ತದೆ ಅಂದರು ಡಾಕ್ಟರು.

ಮೇಡಂ ಅವರ ಅರ್ಜಿಯನ್ನು ಅಕ್ಕ ಮತ್ತೆ ತಿದ್ದಿದಳು, ಈ ಸಲ ನನಗೆ ಓದಿ. ಅನುದಾನ ಬಂತು. ಮೇಡಂ ಅಪ್ಪಿಕೊಂಡರೂ ಅಕ್ಕನ ಮುಖ ಅರಳಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಆ ಕೈ ಇನ್ನೊಮ್ಮೆ ಮೇಲೇಳುವುದು, ಅಷ್ಟೇ.

ಅದಕ್ಕೇ ದಿನಾ ಸಂಜೆ ಓದುವುದನ್ನು ಬಿಡಲಿಲ್ಲ. ಅರ್ಜಿ ಬದಲು ತಮ್ಮಿಬ್ಬರ ಸಂಸಾರವನ್ನೇ ಪುಟ್ಟ ಪುಟ್ಟ ವಾಕ್ಯಗಳಲ್ಲಿ ಬರೆದುಕೊಂಡಳು. ಮೊನ್ನೆ ನಾನೂ ಅಲ್ಲಿದ್ದೆ.

"ಗಂಡ ದರ್ಜಿ. ಹೆಂಡತಿ ಕಚೇರಿಗೆ ಹೋಗ್ತಾಳೆ. ಸಂಜೆ ಹೆಂಡತಿ ಮನೆಗೆ ಬರ್ತಾಳೆ..."

ಭಾವ ಕೈ ಎತ್ತಿದರು.

ಅಕ್ಕ ಪೆನ್ಸಿಲ್ಲಿಗೆ ತಡಕಾಡಿದಳು. ಅವಳ ಕಣ್ಣು ಹೊಳೆಯುತ್ತಿತ್ತು. "ಹೇಳ್ರೀ, ಯಾವುದು ಅರ್ಥವಾಗ್ಲಿಲ್ಲ?"

"ಎಲ್ಲಾ ಅರ್ಥವಾಯ್ತು. ನೀವು ಚೆನ್ನಾಗಿ ಓದ್ತೀರಮ್ಮಾ," ಎಂದರು ಭಾವ, ಬಾಗಿಲ ಕಡೆ ನೋಡುತ್ತ. "ಸಂಜೆ ಆಯ್ತಲ್ಲ, ನನ್ನ ಹೆಂಡ್ತಿ ಯಾಕೆ ಇನ್ನೂ ಬಂದಿಲ್ಲ?"

ಅಕ್ಕ ಪೆನ್ಸಿಲ್ ಕೆಳಗಿಟ್ಟಳು.

"ಬರ್ತಾಳೆ, ಕೂತಿರಿ," ಎಂದಳು.