ಫ್ಲಾಟ್ ಎಂದದ್ದು ಯಾವುದಕ್ಕೆ

ಬೆಳಿಗ್ಗೆ ಮಂಚದಿಂದ ಇಳಿದು ಎಡಗಾಲು ಊರಿದೆ. ಹಿಮ್ಮಡಿಗೆ ಮೊಳೆ ಹೊಡೆದ ಹಾಗಾಯಿತು. ಗೋಡೆ ಹಿಡಿದು ನಿಂತೆ. ನಾಲ್ಕು ಹೆಜ್ಜೆ ನಡೆದ ಮೇಲೆ ಕಡಿಮೆಯಾಯಿತು, ಅಷ್ಟರಲ್ಲಿ ಸಿತ್ರಾಕ್ಕೆ ಹೋಗುವ ಕಂಪನಿ ಬಸ್ಸೂ ಬಂತು. ಗಲ್ಫಿಗೆ ಬಂದಾಗಿನಿಂದ ಅಲ್ಲಿಯ ಪ್ಲಾಂಟಿನಲ್ಲಿ ನಾನು ಪೈಪ್ ಫಿಟರ್. ದಿನವಿಡೀ ಏಣಿ ಹತ್ತಿ ಇಳಿಯುವ ಕೆಲಸ.

ತಿಂಗಳೊಳಗೆ ನೋವು ಅಂಗಾಲಿನಿಂದ ಮೊಣಕಾಲಿಗೆ ಹತ್ತಿತು. ಒಂದು ದಿನ ಅರ್ಧ ಏಣಿಯಲ್ಲೇ ನಿಂತುಬಿಟ್ಟೆ. ಫೋರ್‌ಮನ್ ಇಳಿಸಿಕೊಂಡು ಸ್ಟೋರಿನಲ್ಲಿ ಕೂರಿಸಿದ. "ದೋ ಹಫ್ತಾ. ಉಸ್‌ಕೆ ಬಾದ್ ಖಲಾಸ್."

ಎರಡು ವಾರದಲ್ಲಿ ಏಣಿ ಹತ್ತದಿದ್ದರೆ ಖಲಾಸ್. ಖಲಾಸ್ ಎಂದರೆ ಊರಿಗೆ ಟಿಕೆಟ್.

ಹೆಂಡತಿ ವಾರಿಜಾಳ ವೀಸಾಕ್ಕೆ ಆಗಷ್ಟೇ ಅರ್ಜಿ ಹಾಕಿದ್ದೆ. ಮದುವೆಯಾದ ನಾಲ್ಕು ವರ್ಷದಲ್ಲಿ ನಾವು ಒಟ್ಟಿಗಿದ್ದದ್ದು ಎರಡು ರಜೆ ಮಾತ್ರ. ಅವಳು ಬರುವ ಬದಲು ನಾನೇ ಕುಂಟುತ್ತಾ ಹೋಗಿ ಅವಳೆದುರು ಕೈಕಟ್ಟಿ ಕೂರುವುದೇ? ನೋವಿಗಿಂತ ಆ ಹೆದರಿಕೆ ದೊಡ್ಡದಾಗಿತ್ತು.

ಕ್ಲಿನಿಕ್ಕಿನ ಮಲಯಾಳಿ ಡಾಕ್ಟರು ಅಂಗಾಲು ಒತ್ತಿ ನೋಡಿದರು. "ಫ್ಲಾಟ್. ಸಪೋರ್ಟ್ ಚಾಹಿಯೆ. ದಸ್ ದಿನ್ ಬಾದ್ ಆವೊ."

ಫ್ಲಾಟ್ ಚಪ್ಪಲಿ ಬೇಕು, ಹತ್ತು ದಿನ ಬಿಟ್ಟು ಬಾ ಎಂದು ನಾನು ತಿಳಿದೆ. ಇಂಗ್ಲಿಷ್ ಬರುತ್ತದೆಂಬ ಜಂಬ ನನಗೆ, ಮತ್ತೆ ಕೇಳಲಿಲ್ಲ. ಸೂಕ್‌ನಲ್ಲಿ ಅಂದರೆ ಇಲ್ಲಿಯ ಪೇಟೆಯಲ್ಲಿ, ತೆಳ್ಳಗಿನ, ಸಪಾಟಾದ ಚಪ್ಪಲಿ ಕೊಂಡೆ. ಸೇಫ್ಟಿ ಶೂ ಒಳಗೆ ನಡುವೆ ಉಬ್ಬಿದ್ದ ಮೆತ್ತೆಯನ್ನು ಚೂರಿಯಿಂದ ಕೆತ್ತಿ ಸಮ ಮಾಡಿದೆ. ಡಾಕ್ಟರು ಫ್ಲಾಟ್ ಹಾಕಲು ಹೇಳಿದ್ದಾರೆ, ಗಾಬರಿ ಬೇಡ ಎಂದು ವಾರಿಜಾಳಿಗೂ ಕಾಗದ ಬರೆದೆ.

ಒಂಬತ್ತನೆಯ ದಿನ ನಿಲ್ಲಲಿಕ್ಕೇ ಆಗಲಿಲ್ಲ.

ಅಂದು ಹೇಗೋ ಸ್ನಾನ ಮುಗಿಸಿ ಬಂದಾಗ, ರೂಮಿನ ಜೊತೆಗಾರ ಸದಾನಂದ ನೆಲ ನೋಡಿ ನಕ್ಕ. "ಎಂತ ಶೇಖರಣ್ಣ, ನಿಮ್ಮ ಹೆಜ್ಜೆ ದೋಸೆ ಹೊಯ್ದ ಹಾಗೆ ಉಂಟಲ್ಲ ಮಾರಾಯ್ರೆ! ನನ್ನದು ನೋಡಿ." ಅವನ ಒದ್ದೆ ಹೆಜ್ಜೆಯಲ್ಲಿ ಮುಂಗಾಲು, ಹಿಮ್ಮಡಿ, ನಡುವೆ ಸಣ್ಣ ಗೆರೆ ಅಷ್ಟೆ. ನನ್ನದರಲ್ಲಿ ಇಡೀ ಅಂಗಾಲು ಮೂಡಿತ್ತು.

ಮರುದಿನ ಡಾಕ್ಟರು ನನ್ನ ಚಪ್ಪಲಿ ನೋಡಿ ತಲೆಗೆ ಕೈಯಿಟ್ಟರು. "ಪೈರ್ ಫ್ಲಾಟ್ ಹೈ ಭಾಯಿ, ಜೂತಾ ನಹೀಂ!"

ಫ್ಲಾಟ್ ಎಂದದ್ದು ಕಾಲಿಗೆ, ಚಪ್ಪಲಿಗಲ್ಲ! ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚು ನೆಮ್ಮದಿಯಾಯಿತು. ಕೆಟ್ಟದ್ದು ಕಾಲಲ್ಲ, ನನ್ನ ಬುದ್ಧಿ. ನನ್ನಂಥ ಚಪ್ಪಟೆ ಕಾಲಿಗೆ ಹಿಮ್ಮಡಿಯನ್ನು ಬಿಗಿಯಾಗಿ ಹಿಡಿಯುವ, ನಡುವೆ ಬಗ್ಗದ, ಒಳಗೆ ಮೆತ್ತೆ ಉಬ್ಬಿರುವ ಶೂ ಬೇಕಂತೆ. ಸದಾನಂದನಂಥ ಕಮಾನು ಕಾಲಿಗಾದರೆ ಮೆತ್ತನೆಯ ಅಡಿ ಒಳ್ಳೆಯದಂತೆ. ಇನ್ನೂ ಮೂರು ವಾರ ಲೈಟ್ ಡ್ಯೂಟಿ ಎಂದು ಚೀಟಿ ಬರೆದರು. ಫೋರ್‌ಮನ್ ಗೊಣಗಿದ, ಆದರೆ ಒಪ್ಪಿದ.

ಹೊಸ ಶೂ ಮೊದಲು ಕಾಲಿನೊಡನೆ ಜಗಳವಾಡಿತು. ನಾಲ್ಕನೆಯ ವಾರ ಏಣಿಯ ತುದಿ ಮುಟ್ಟಿದೆ. "ತಮಾಮ್," ಎಂದ ಫೋರ್‌ಮನ್ ಕೆಳಗಿನಿಂದ, ಎಲ್ಲ ಸರಿಯಾಯಿತು ಎಂಬ ಹಾಗೆ. ನನಗೆ ಅಳು ಬಂತು.

ಹೋದ ವಾರ ಏರ್‌ಪೋರ್ಟಿನಲ್ಲಿ ಎರಡು ತಾಸು ನಿಂತಿದ್ದೆ, ವಾರಿಜಾಳಿಗಾಗಿ. ಬಂದವಳು ಮುಖಕ್ಕಿಂತ ಮೊದಲು ನನ್ನ ಕಾಲು ನೋಡಿದಳು. ನಮಗಾಗಿ ಹೊಸದಾಗಿ ಹಿಡಿದ ಬಾಡಿಗೆ ಮನೆಗೆ ಬಂದು ಪೆಟ್ಟಿಗೆ ತೆರೆದು, ಸೀರೆಯಲ್ಲಿ ಸುತ್ತಿದ ಹೊಸ ಚಪ್ಪಲಿ ತೆಗೆದಳು. ಹಪ್ಪಳದಷ್ಟು ಸಪಾಟು. ನನ್ನ ಪೆದ್ದುತನವನ್ನು ನಾಚಿಕೆಯಿಂದ ಅವಳಿಗೆ ಬರೆದೇ ಇರಲಿಲ್ಲ.

"ನೀವೇ ಬರೆದದ್ದಲ್ವಾ, ಫ್ಲಾಟ್ ಬೇಕಂತ? ಉಡುಪಿ ಇಡೀ ಹುಡುಕಿದೆ."

ಅದೀಗ ಬಾತ್‌ರೂಮಿನ ಬಾಗಿಲಲ್ಲಿದೆ. ದಿನಕ್ಕೆ ಹತ್ತು ಹೆಜ್ಜೆ ಅದನ್ನು ಹಾಕಿಕೊಂಡೇ ನಡೆಯುತ್ತೇನೆ. ಡಾಕ್ಟರಿಗೆ ಹೇಳಿಲ್ಲ.